ಹಲ್ಲು ಉದುರಿದ ಕತೆ ಕೇಳಿ ನಗು ಬರೋದು ಯಾಕೆ? ಹಾಕಿ ಪಾಡ್‌ಕಾಸ್ಟ್ ಸಂದರ್ಶನಗಳ ಗುಟ್ಟು

ಪಂದ್ಯ ಮುಗಿದ ಕೂಡಲೇ ಆಟಗಾರರ ಬಾಯಿಂದ ಬರೋ ಮಾತುಗಳು ನಿಮಗೆಲ್ಲ ಬಾಯಿಪಾಠ ಆಗಿರಬೇಕು. ‘ತಂಡವಾಗಿ ಚೆನ್ನಾಗಿ ಆಡಿದ್ವಿ.’ ‘ಒಂದೊಂದೇ ಪಂದ್ಯದ ಕಡೆ ಗಮನ ಕೊಡ್ತೀವಿ.’ ‘ಇದರ ಶ್ರೇಯಸ್ಸು ಎಲ್ಲರಿಗೂ ಸಲ್ಲಬೇಕು.’ ಆಟ ಯಾವುದೇ ಇರಲಿ, ಗೆದ್ದಿರಲಿ ಸೋತಿರಲಿ, ಪಲ್ಲವಿ ಮಾತ್ರ ಒಂದೇ. ಆದರೆ ಅದೇ ಆಟಗಾರ ಪಾಡ್‌ಕಾಸ್ಟ್‌ಗೆ ಬಂದು ಕೂತರೆ ಒಂದು ಗಂಟೆ ಹೊಟ್ಟೆ ಹುಣ್ಣಾಗುವಂತೆ ನಗಿಸ್ತಾರೆ. ಮನುಷ್ಯ ಅದೇ, ಬಾಯಿಯೂ ಅದೇ. ಬದಲಾಗಿದ್ದೇನು? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಉದಾಹರಣೆಗೆ ನಾನು ತಗೊಂಡಿರೋದು ಅಮೆರಿಕದ ‘ಸ್ಪಿಟಿನ್ ಚಿಕ್ಲೆಟ್ಸ್’ ಅನ್ನೋ ಪಾಡ್‌ಕಾಸ್ಟ್. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹಾಕಿ ಅಂದ ತಕ್ಷಣ ನಮಗೆ ಕೊಡಗು ನೆನಪಾಗುತ್ತೆ, ಹಸಿರು ಟರ್ಫ್ ಕಣ್ಣ ಮುಂದೆ ಬರುತ್ತೆ. ಅಮೆರಿಕ, ಕೆನಡಾದಲ್ಲಿ ಹಾಕಿ ಅಂದ್ರೆ ಐಸ್ ಹಾಕಿ. ಅಲ್ಲಿ ಚೆಂಡಿನ ಬದಲು ‘ಪಕ್’ ಇರುತ್ತೆ. ಅದು ಗಟ್ಟಿ ರಬ್ಬರಿನ ಬಿಲ್ಲೆ, ತೂಕ ಸುಮಾರು 170 ಗ್ರಾಂ. ಬಲವಾಗಿ ಹೊಡೆದರೆ ಗಂಟೆಗೆ 150 ಕಿಲೋಮೀಟರ್ ದಾಟುತ್ತೆ. ಅದು ನೇರ ಬಾಯಿಗೆ ಬಿದ್ದರೆ ಏನಾಗಬಹುದು ಅಂತ ನಾನು ಹೇಳಬೇಕಿಲ್ಲ.

ಪಾಡ್‌ಕಾಸ್ಟ್‌ನ ಹೆಸರು ಹುಟ್ಟಿದ್ದೂ ಅಲ್ಲಿಂದಲೇ. ಚಿಕ್ಲೆಟ್ಸ್ ಅನ್ನೋದು ಅಲ್ಲಿನ ಒಂದು ಚ್ಯೂಯಿಂಗ್ ಗಮ್. ಬೆಳ್ಳಗೆ, ಚೌಕಾಕಾರವಾಗಿ, ಹಲ್ಲಿನ ಹಾಗೇ ಇರುತ್ತೆ. ಹಾಗಾಗಿ ಆಟಗಾರರ ಆಡುಮಾತಲ್ಲಿ ಹಲ್ಲಿಗೆ ಚಿಕ್ಲೆಟ್ಸ್ ಅಂತಾರೆ. ಹೆಸರಿನ ಅರ್ಥ, ಉದುರಿದ ಹಲ್ಲನ್ನು ಉಗುಳೋದು! ನೋವನ್ನೇ ತಮಾಷೆ ಮಾಡೋ ಜಗತ್ತಿಗೆ ಕಾಲಿಡ್ತಿದ್ದೀರಿ ಅಂತ ಹೆಸರೇ ಹೇಳುತ್ತೆ. ಈ ಮಾತನ್ನು ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎರಡು ನಿಮಿಷದ ಮೈಕ್

ಮೊದಲು, ಪಂದ್ಯದ ಸಂದರ್ಶನ ಅಷ್ಟು ಸಪ್ಪೆ ಯಾಕೆ? ಆಟಗಾರರಿಗೆ ಮಾತು ಬರಲ್ಲ ಅಂತ ಅಲ್ಲ. ಐಸ್ ಹಾಕಿಯಲ್ಲಿ 20 ನಿಮಿಷದ ಮೂರು ಅವಧಿ ಇರುತ್ತೆ. ಆಟಗಾರ ಒಮ್ಮೆ ಇಳಿದರೆ ಮುಕ್ಕಾಲು ನಿಮಿಷ ಪೂರ್ತಿ ವೇಗದಲ್ಲಿ ಆಡಿ ಹೊರಗೆ ಬರ್ತಾರೆ, ಮತ್ತೆ ಇಳೀತಾರೆ. ಅವಧಿಗಳ ನಡುವೆ, ಬೆವರು ಸುರೀತಿರುವಾಗ, ಏದುಸಿರು ಬಿಡ್ತಿರುವಾಗ, ಮೈಕ್ ಮೂತಿಗೆ ಬರುತ್ತೆ. ಆ ಹೊತ್ತಲ್ಲಿ ಯಾರಿಗೆ ಕತೆ ಹೊಳೆಯುತ್ತೆ ಹೇಳಿ?

ಎರಡನೇ ಕಾರಣ ಭಯ. ಎದುರಾಳಿಯ ಬಗ್ಗೆ ಒಂದು ಮಾತು ಹೆಚ್ಚು ಆಡಿದರೆ, ನಾಳೆ ಅವರು ಅದನ್ನೇ ಗೋಡೆಗೆ ಅಂಟಿಸಿಕೊಂಡು ಹುರುಪು ತಂದ್ಕೋತಾರೆ. ಮೂರನೆಯದು ಆ ಆಟದ ಸಂಸ್ಕೃತಿ. ಐಸ್ ಹಾಕಿಯಲ್ಲಿ ‘ನಾನು’ ಅನ್ನೋದು ಕೆಟ್ಟ ಪದ ಇದ್ದ ಹಾಗೆ. ಮೂರು ಗೋಲು ಹೊಡೆದವರೂ ‘ಹುಡುಗರು ಚೆನ್ನಾಗಿ ಪಾಸ್ ಕೊಟ್ಟರು’ ಅಂತಲೇ ಶುರು ಮಾಡ್ತಾರೆ. ಅಂದ್ರೆ ಆ ಸಪ್ಪೆ ಉತ್ತರ ಒಂದು ರಕ್ಷಾಕವಚ. ಹೆಲ್ಮೆಟ್ ಹಾಕಿದ ಹಾಗೆ ಅದನ್ನೂ ಹಾಕ್ಕೊಂಡೇ ಬರ್ತಾರೆ. ಒಳ್ಳೆ ಸಂದರ್ಶನ ಅಂದ್ರೆ ಆ ಕವಚವನ್ನು ಅವರೇ ಬಿಚ್ಚಿಡೋ ಹಾಗೆ ಮಾಡೋದು. ಕಿತ್ಕೊಳ್ಳೋಕೆ ಹೋದರೆ ಇನ್ನೂ ಬಿಗಿ ಆಗುತ್ತೆ.

ಮೊದಲು ತನ್ನ ಕಾಲು ತಾನೇ ಎಳ್ಕೊಳ್ಳೋದು

‘ಸ್ಪಿಟಿನ್ ಚಿಕ್ಲೆಟ್ಸ್’ ಶುರುವಾಗಿದ್ದು 2016ರಲ್ಲಿ. ಅದರ ಮುಖ್ಯ ದನಿ ರಯಾನ್ ವಿಟ್ನಿ. ಆಮೇಲೆ ಜೊತೆ ಸೇರಿದವರು ಪಾಲ್ ಬಿಸನೆಟ್. ಇಬ್ಬರೂ ಎನ್‌ಎಚ್‌ಎಲ್ ಲೀಗ್‌ನಲ್ಲಿ ಆಡಿದವರು. ಆದರೆ ಇಬ್ಬರೂ ಆಟದ ದಂತಕತೆಗಳಲ್ಲ. ಗುಟ್ಟು ಇರೋದೇ ಅಲ್ಲಿ.

ವಿಟ್ನಿ ಕತೆ ಕೇಳಿ. 2002ರ ಡ್ರಾಫ್ಟ್‌ನಲ್ಲಿ 5ನೇ ಆಯ್ಕೆ, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡಕ್ಕೆ. 2008ರಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಫೈನಲ್ ಮುಟ್ಟಿ ಸೋತಿತು. 2009ರ ಫೆಬ್ರುವರಿಯಲ್ಲಿ ವಿಟ್ನಿಯನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಜೂನ್‌ನಲ್ಲಿ ಪೆಂಗ್ವಿನ್ಸ್ ಕಪ್ ಗೆದ್ದಿತು! ನಾಲ್ಕೇ ತಿಂಗಳ ಅಂತರ. 2010ರಲ್ಲಿ ವಿಟ್ನಿ ಅಮೆರಿಕ ಪರ ಒಲಿಂಪಿಕ್ಸ್ ಫೈನಲ್ ಆಡಿದರು. ಹೆಚ್ಚುವರಿ ಸಮಯದಲ್ಲಿ ಚಿನ್ನದ ಗೋಲು ಹೊಡೆದದ್ದು ಕೆನಡಾದ ಸಿಡ್ನಿ ಕ್ರಾಸ್ಬಿ, ಅಂದ್ರೆ ಪಿಟ್ಸ್‌ಬರ್ಗ್‌ನಲ್ಲಿ ವಿಟ್ನಿ ಜೊತೆಗೇ ಆಡುತ್ತಿದ್ದವರು. ಆಮೇಲೆ ಗಾಯಗಳು ಬೆನ್ನು ಬಿಡಲಿಲ್ಲ.

ಬಿಸನೆಟ್ ಅವರದು ಬೇರೆ ಕತೆ. ಸುಮಾರು 200 ಪಂದ್ಯ ಆಡಿ ಹೊಡೆದ ಗೋಲು 7. ಅವರ ಕೆಲಸವೇ ಬೇರೆ ಇತ್ತು: ತಂಡದ ಸ್ಟಾರ್ ಆಟಗಾರರನ್ನು ಯಾರಾದರೂ ಮುಟ್ಟಿದರೆ ಗ್ಲೌಸ್ ಬಿಸಾಕಿ ಹೊಡೆದಾಟಕ್ಕೆ ಇಳಿಯೋದು.

ಇಂಥವರು ತಮ್ಮ ಸೋಲನ್ನೇ ಮೊದಲು ಮೇಜಿನ ಮೇಲೆ ಇಟ್ಟು ನಗ್ತಾರೆ. ಕೈ ತಪ್ಪಿದ ಕಪ್ಪು, ಏಳು ಗೋಲು, ಎಲ್ಲವೂ ತಮಾಷೆಗೆ ಸರಕು. ಎದುರಿಗೆ ಕೂತ ದೊಡ್ಡ ಆಟಗಾರನಿಗೆ ಆಗ ಒಂದು ವಿಷಯ ಸ್ಪಷ್ಟವಾಗುತ್ತೆ: ಇಲ್ಲಿ ಯಾರೂ ನನ್ನನ್ನು ಅಳೆಯೋಕೆ ಕೂತಿಲ್ಲ, ಇಲ್ಲಿ ನಾನೂ ಒಂದಿಷ್ಟು ಪೆದ್ದ ಆಗಬಹುದು. ನಾನೂ ಮೈಕ್ ಹಿಡಿದು ಪ್ರಶ್ನೆ ಕೇಳೋ ಕೆಲಸದವನೇ. ‘ಮನಸ್ಸು ಬಿಚ್ಚಿ ಮಾತಾಡಿ’ ಅಂದರೆ ಯಾರೂ ಮಾತಾಡಲ್ಲ. ಕೇಳೋನು ಮೊದಲು ತಾನು ಬಿಚ್ಚಿದರೆ, ಅವರೂ ಬಿಚ್ಚುತ್ತಾರೆ.

ಸಣ್ಣ ಪ್ರಶ್ನೆ, ಉದ್ದ ಕತೆ

‘ಕಪ್ ಗೆದ್ದಾಗ ಹೇಗನ್ನಿಸ್ತು?’ ಇದು ದೊಡ್ಡ ಪ್ರಶ್ನೆ. ಉತ್ತರ ಮಾತ್ರ ಸಣ್ಣದು: ‘ತುಂಬಾ ಖುಷಿ ಆಯ್ತು.’ ಮುಗೀತು. ಅದೇ ‘ಆ ಟ್ರೋಫಿನ ಮುಟ್ಟಿದ್ಯಾಕೆ?’ ಅಂತ ಕೇಳಿ ನೋಡಿ.

ಇದರ ಹಿನ್ನೆಲೆ ಮಜವಾಗಿದೆ. ಎನ್‌ಎಚ್‌ಎಲ್‌ನಲ್ಲಿ ಪೂರ್ವ ವಿಭಾಗ, ಪಶ್ಚಿಮ ವಿಭಾಗ ಅಂತ ಎರಡಿವೆ. ವಿಭಾಗ ಗೆದ್ದವರಿಗೆ ಒಂದೊಂದು ಟ್ರೋಫಿ, ಆಮೇಲೆ ಸ್ಟ್ಯಾನ್ಲಿ ಕಪ್ ಫೈನಲ್. ಅನೇಕ ಆಟಗಾರರ ನಂಬಿಕೆ ಏನಂದ್ರೆ, ವಿಭಾಗದ ಟ್ರೋಫಿಯನ್ನು ಮುಟ್ಟಿದರೆ ಅಪಶಕುನ, ದೊಡ್ಡ ಕಪ್ಪು ಕೈ ತಪ್ಪುತ್ತೆ. 2008ರಲ್ಲಿ ಪೆಂಗ್ವಿನ್ಸ್ ನಾಯಕ ಕ್ರಾಸ್ಬಿ ಅದನ್ನು ಮುಟ್ಟಲಿಲ್ಲ. ಫೈನಲ್ ಸೋತರು. 2009ರಲ್ಲಿ ಎತ್ತಿಕೊಂಡೇಬಿಟ್ಟರು. ಕಪ್ ಗೆದ್ದರು!

ಇಂಥ ಪ್ರಶ್ನೆ ಕೇಳಿದರೆ ಆಟಗಾರ ಉತ್ತರ ಹುಡುಕಬೇಕಾಗಿಲ್ಲ, ಆ ಕ್ಷಣ ತಾನಾಗೇ ಕಣ್ಣ ಮುಂದೆ ಬರುತ್ತೆ. ಪಕ್ಕದಲ್ಲಿ ಯಾರು ನಿಂತಿದ್ದರು, ಯಾರು ಬೇಡ ಅಂದರು, ಡ್ರೆಸ್ಸಿಂಗ್ ರೂಮ್‌ನಲ್ಲಿ ಯಾರ ಮುಖ ಹೇಗಿತ್ತು, ಎಲ್ಲಾ ಒಂದರ ಹಿಂದೆ ಒಂದು ಬರುತ್ತೆ. ಹೋಟೆಲ್‌ನಲ್ಲಿ ರೂಮ್‌ಮೇಟ್ ಯಾರು? ವಿಮಾನದಲ್ಲಿ ಇಸ್ಪೀಟು ಆಡಿ ಜಾಸ್ತಿ ಸೋಲ್ತಿದ್ದವರು ಯಾರು? ಸ್ಟಿಕ್‌ಗೆ ಟೇಪ್ ಸುತ್ತೋವಾಗ ಬೇರೆಯವರು ಮುಟ್ಟಿದರೆ ಏನಾಗ್ತಿತ್ತು? ಭಾವನೆ ಕೇಳಬೇಡಿ, ವಸ್ತು ಕೇಳಿ, ಜಾಗ ಕೇಳಿ, ಹೆಸರು ಕೇಳಿ. ಭಾವನೆ ಅದರ ಬೆನ್ನಿಗೇ ಬರುತ್ತೆ.

ಇನ್ನೊಂದು ಉಪಾಯ ಇದೆ. ತನ್ನ ಬಗ್ಗೆ ಹೇಳ್ಕೊಳ್ಳೋಕೆ ನಾಚೋ ಆಟಗಾರ, ಸ್ನೇಹಿತನ ಬಗ್ಗೆ ಕೇಳಿದರೆ ನಿಲ್ಲಿಸೋದೇ ಇಲ್ಲ. ಹೊಗಳ್ತಾರೆ, ಮಿಮಿಕ್ರಿ ಮಾಡ್ತಾರೆ, ಮಾನ ಹರಾಜು ಹಾಕ್ತಾರೆ. ಈ ನಡುವೆ ತಮ್ಮ ಬಗ್ಗೆಯೂ ಗೊತ್ತಿಲ್ಲದೆ ಎಲ್ಲಾ ಹೇಳಿಬಿಡ್ತಾರೆ. ಜೊತೆಗೆ ಸಮಯವೂ ಬೇಕು. ಮೊದಲ ಹತ್ತು ಹದಿನೈದು ನಿಮಿಷ ಹಳೇ ಪಲ್ಲವಿಯೇ ಬರುತ್ತೆ. ಟಿವಿ ಅಲ್ಲಿಗೆ ನಿಲ್ಲಿಸುತ್ತೆ, ಪಾಡ್‌ಕಾಸ್ಟ್ ಅಲ್ಲಿಂದ ಶುರು ಮಾಡುತ್ತೆ. ನಿವೃತ್ತರ ಸಂಚಿಕೆಗಳು ಹೆಚ್ಚು ರುಚಿ ಯಾಕೆ ಅನ್ನೋದಕ್ಕೂ ಉತ್ತರ ಸರಳ. ಅವರಿಗೆ ಮುಂದಿನ ಗುತ್ತಿಗೆಯ ಚಿಂತೆ ಇಲ್ಲ.

ನಗು ನಿಲ್ಲಬೇಕಾದ ಜಾಗ

ಈಗ ಆ ಹಲ್ಲಿನ ಮಾತಿಗೆ ವಾಪಸ್ ಬರೋಣ. ಈ ಸಂದರ್ಶನಗಳಲ್ಲಿ ಅತಿ ಹೆಚ್ಚು ನಗು ತರೋ ಕತೆಗಳು ಹೊಡೆದಾಟದ ಕತೆಗಳು. ನಾನೂ ನಗ್ತೀನಿ. ಆದರೆ ಡೆರೆಕ್ ಬೂಗಾರ್ಡ್ ಅನ್ನೋ ಹೆಸರು ನನಗೆ ಆಗಾಗ ನೆನಪಾಗುತ್ತೆ. ಅವರೂ ಬಿಸನೆಟ್ ಮಾಡಿದ ಕೆಲಸವನ್ನೇ ಮಾಡಿದವರು. 277 ಪಂದ್ಯ, 3 ಗೋಲು, ಲೆಕ್ಕವಿಲ್ಲದ ಹೊಡೆದಾಟ. 2011ರ ಮೇ ತಿಂಗಳಲ್ಲಿ ಮದ್ಯ ಮತ್ತು ನೋವಿನ ಮಾತ್ರೆ ಸೇರಿ ತೀರಿಕೊಂಡರು. ವಯಸ್ಸು 28. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣೋ ಸಿಟಿಇ ಅನ್ನೋ ಕಾಯಿಲೆ ಅವರ ಮಿದುಳಲ್ಲಿ ಇತ್ತು ಅಂತ ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯ್ತು. ನಕ್ಕು ಹೇಳೋಕೆ ಉಳಿದವರ ಕತೆ ಮಾತ್ರ ನಮಗೆ ಕೇಳಿಸ್ತಿದೆ.

ಇನ್ನೊಂದು ಹೆಸರು ಕೈಲ್ ಬೀಚ್. 2010ರಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡದ ಜೊತೆಗಿದ್ದ 20 ವರ್ಷದ ಹುಡುಗ. ತಂಡದ ವಿಡಿಯೊ ಕೋಚ್ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾಗಿ ಅವರು ಹೇಳಿದರು. ವಿಷಯ ಗೊತ್ತಾದ ಮೇಲೂ, ಕಪ್ ಗೆಲ್ಲೋ ತನಕ ತಂಡದ ಆಡಳಿತ ಕ್ರಮ ಕೈಗೊಳ್ಳಲಿಲ್ಲ ಅಂತ 2021ರ ಅಕ್ಟೋಬರ್‌ನಲ್ಲಿ ಹೊರಬಂದ ಸ್ವತಂತ್ರ ತನಿಖಾ ವರದಿ ಹೇಳಿತು. ಆಮೇಲಿನ ದಿನಗಳಲ್ಲಿ ಆಟಗಾರರೇ ಅದನ್ನು ಹಿಡ್ಕೊಂಡು ಅವರನ್ನು ಚುಡಾಯಿಸಿದ ಸಂಗತಿಯೂ ಆ ವರದಿಯಲ್ಲಿದೆ. ಗಮನಿಸಿ, ಚುಡಾಯಿಸೋದು. ಪಾಡ್‌ಕಾಸ್ಟ್‌ನಲ್ಲಿ ನಾವು ಇಷ್ಟಪಟ್ಟು ಕೇಳೋದೂ ಅದನ್ನೇ ಅಲ್ವಾ?

ವರದಿ ಬಂದ ಮರುದಿನ ಬೀಚ್ ತಮ್ಮ ಹೆಸರು, ಮುಖ ತೋರಿಸಿ ಮಾತಾಡಿದರು. ಮಾತಾಡಿದ್ದು ಹಳೇ ಗೆಳೆಯರ ಹತ್ತಿರ ಅಲ್ಲ, ಕೆನಡಾದ ಟಿಎಸ್‌ಎನ್ ವಾಹಿನಿಯ ಪತ್ರಕರ್ತ ರಿಕ್ ವೆಸ್ಟ್‌ಹೆಡ್ ಹತ್ತಿರ. ಅದರಲ್ಲಿ ನಗು ಇರಲಿಲ್ಲ. ಆದರೂ ಹಾಕಿ ಬಗ್ಗೆ ಆ ವರ್ಷ ಬಂದ ಅತಿ ಮುಖ್ಯ ಸಂದರ್ಶನ ಅದು ಅಂತ ನನಗನ್ನಿಸುತ್ತೆ.

ನಾನು ಹೇಳೋಕೆ ಹೊರಟಿದ್ದು ಇಷ್ಟು. ಸಂದರ್ಶನಕ್ಕೆ ರುಚಿ ಕೊಡೋದು ಸಲುಗೆ. ‘ನೀನೂ ನಮ್ಮವನೇ’ ಅನ್ನೋ ಸಲುಗೆ ಬಾಯಿ ಬಿಡಿಸುತ್ತೆ. ಅದೇ ಸಲುಗೆ ಕೆಲವು ಪ್ರಶ್ನೆಗಳಿಗೆ ಬಾಯಿ ಮುಚ್ಚಿಸುತ್ತೆ ಕೂಡ. ಗೆಳೆಯನ ಮುಂದೆ ಗೆಳೆಯ ಖಾರದ ಪ್ರಶ್ನೆ ಕೇಳಲ್ಲ. ಅದು ಪಾಡ್‌ಕಾಸ್ಟ್‌ನ ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಮಾಡೋ ಕೆಲಸ ಬೇರೆ, ಪತ್ರಕರ್ತ ಮಾಡೋ ಕೆಲಸ ಬೇರೆ. ಒಂದನ್ನು ಕೇಳಿ ಇನ್ನೊಂದನ್ನೂ ಕೇಳಿದೆವು ಅಂದ್ಕೊಂಡರೆ ಮೋಸ ಹೋಗೋದು ನಾವು.

ನನಗೆ ನಾನೇ ಒಂದು ಪರೀಕ್ಷೆ ಇಟ್ಕೊಂಡಿದ್ದೀನಿ. ಕತೆ ಕೇಳಿ ನಗು ಬಂದಾಗ, ಆ ಕತೆಯಲ್ಲಿ ಪೆದ್ದನಾದವರು ಯಾರು ಅಂತ ನೋಡ್ತೀನಿ. ಹೇಳ್ತಿರೋ ವ್ಯಕ್ತಿಯೇ ಆದರೆ ನಿಶ್ಚಿಂತೆಯಿಂದ ನಗಬಹುದು. ಪಕ್ಕದಲ್ಲೇ ಕೂತು, ತಿರುಗಿ ಉತ್ತರ ಕೊಡಬಲ್ಲವರಾದರೆ ಇನ್ನೂ ಮಜಾ. ಆದರೆ ಆ ಕೋಣೆಯಲ್ಲಿ ಇಲ್ಲದ, ತಂಡಕ್ಕೆ ಆಗ ತಾನೇ ಸೇರಿದ್ದ ಒಬ್ಬ ಕಿರಿಯ ಹುಡುಗನ ಮೇಲೆ ನಡೆದ ‘ತಮಾಷೆ’ ಆದರೆ, ಒಂದು ಸೆಕೆಂಡ್ ನಿಲ್ತೀನಿ. ಅದೇ ಕತೆಯನ್ನು ಆ ಹುಡುಗ ಹೇಳಿದರೆ ಹೇಗಿರುತ್ತೆ ಅಂತ ಯೋಚಿಸ್ತೀನಿ.

ನಮ್ಮ ಹಾಕಿಗೂ ಇಂಥದ್ದು ಬೇಕು

ನಮ್ಮಲ್ಲಿ ಕತೆಗಳಿಗೆ ಬರ ಇಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್ ತಗೊಳ್ಳಿ. ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್. ಗೋಲಿನ ಮುಂದೆ ಬೆಂಗಳೂರಿನ ಆಶಿಶ್ ಬಲ್ಲಾಳ್. ಎರಡು ಹೊಡೆತ ತಡೆದರು. 1966ರ ನಂತರ, ಅಂದ್ರೆ 32 ವರ್ಷದ ಮೇಲೆ, ಭಾರತಕ್ಕೆ ಚಿನ್ನ ಬಂತು. ‘ಆಗ ಹೇಗನ್ನಿಸ್ತು ಸರ್?’ ಅಂತ ಕೇಳಿದರೆ ಒಂದು ಸಾಲಿನ ಉತ್ತರ ಸಿಗಬಹುದು. ‘ಎಡಕ್ಕೋ ಬಲಕ್ಕೋ ಅಂತ ಯಾವಾಗ ತೀರ್ಮಾನ ಮಾಡಿದ್ರಿ, ಹೊಡೆಯೋಕೆ ಬರೋವನ ಕಣ್ಣು ನೋಡ್ತಿದ್ರಾ, ಸ್ಟಿಕ್ ನೋಡ್ತಿದ್ರಾ?’ ಅಂತ ಅವರ ಜೊತೆ ಆಡಿದವರೇ ಯಾರಾದರೂ ಕೇಳಿದರೆ? ಅರ್ಧ ಗಂಟೆ ನಾವು ಇಯರ್‌ಫೋನ್ ತೆಗೆಯಲ್ಲ, ಅದಂತೂ ಖಂಡಿತ.

ಮುಂದಿನ ಸಲ ಯಾವುದೇ ಆಟಗಾರರ ಸಂದರ್ಶನ ಕೇಳುವಾಗ ಒಂದು ಕೆಲಸ ಮಾಡಿ. ಉತ್ತರ ಬಿಡಿ, ಪ್ರಶ್ನೆಗಳನ್ನು ಮಾತ್ರ ಗಮನಿಸಿ. ಕೇಳೋವರು ತಮ್ಮ ಬಗ್ಗೆ ಏನು ಹೇಳ್ಕೊಂಡ್ರು, ಏನನ್ನು ಕೇಳಿದ್ರು, ಯಾವ ಪ್ರಶ್ನೆ ಬಾಯಿಗೆ ಬಂದರೂ ನುಂಗ್ಕೊಂಡ್ರು ಅಂತ ನೋಡಿ. ನಿಮಗೆ ಇಷ್ಟವಾದ ಸಂಚಿಕೆ ಯಾವುದು, ಯಾಕೆ ಅಂತ ನಮಗೂ ಬರೆದು ಕಳಿಸಿ.