ದ್ವಿಚಕ್ರ ವಾಹನ ಖರೀದಿ: ಹೆಚ್ಚುವರಿ ಸಾಮಗ್ರಿಗಳ ಖರೀದಿ ಕಡ್ಡಾಯವಲ್ಲ

ಹೊಸ ದ್ವಿಚಕ್ರ ವಾಹನವನ್ನು ಖರೀದಿಸಿ ನೋಂದಣಿ ಮಾಡಿಸಲಿರುವ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಣೆಯನ್ನು ನೀಡಲಾಗಿದೆ.

ವಾಹನವನ್ನು ಮಾತ್ರ ಕೇಳುವ ಗ್ರಾಹಕರಿಗೆ ಲೆಗ್ ಗಾರ್ಡ್, ಸೀಟ್ ಕವರ್, ಫ್ಲೋರ್ ಮ್ಯಾಟ್, ಟೆಫ್ಲಾನ್ ಲೇಪನ ಮುಂತಾಗಿ ಆಡುಮಾತಿನಲ್ಲಿ ಎಕ್ಸ್‌ಟ್ರಾ ಫಿಟ್ಟಿಂಗ್ ಎನ್ನಲಾಗುವ ಸಾಮಗ್ರಿಗಳನ್ನೂ ಕೊಳ್ಳಲೇಬೇಕೆಂದು ಕೆಲವು ಮಾರಾಟಗಾರರು ಒತ್ತಾಯಿಸುವುದುಂಟು. ಒಪ್ಪದವರಿಗೆ ನೇರವಾಗಿ ನಿರಾಕರಿಸುವುದು ಅಪರೂಪ. ದಾಸ್ತಾನಿಲ್ಲ, ಎರಡು ತಿಂಗಳು ಕಾಯಬೇಕು ಎಂಬ ಉತ್ತರ ದೊರೆಯುತ್ತದೆ. ಸಾಮಗ್ರಿಗಳಿಗೆ ಒಪ್ಪಿದೊಡನೆ ಅದೇ ವಾಹನ ಮರುದಿನವೇ ಲಭ್ಯವಾಗುತ್ತದೆ.

ಒಂದು ಸರಕನ್ನು ಪಡೆಯಲು ಬೇರೊಂದು ಸರಕನ್ನೋ ಸೇವೆಯನ್ನೋ ಖರೀದಿಸಬೇಕೆಂಬ ಪೂರ್ವಷರತ್ತನ್ನು ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕರಣ 2(41) ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಷರತ್ತು ಲಿಖಿತವಾಗಿಯೇ ಇರಬೇಕೆಂದು ಅಧಿನಿಯಮ ಹೇಳುವುದಿಲ್ಲ. ಆದರೆ ಬಾಯಿಮಾತಿನ ಷರತ್ತನ್ನು ರುಜುವಾತುಪಡಿಸುವುದು ಕಷ್ಟ.

ಕಡ್ಡಾಯವಾದುವು ಯಾವುವೆಂದು ತಿಳಿದಿರುವುದು ಅಗತ್ಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 123ರಂತೆ ಹಿಂಬದಿ ಸವಾರರಿಗೆ ಅವಕಾಶವಿರುವ ಮೋಟಾರು ಸೈಕಲ್‌ನಲ್ಲಿ ಕೈಹಿಡಿ, ಕಾಲಿಡುವ ಪಟ್ಟಿ ಹಾಗೂ ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣಾ ಸಾಧನ ಇರತಕ್ಕದ್ದು. ಇದನ್ನೇ ಸೀರೆ ಗಾರ್ಡ್ ಎನ್ನುವುದು. ಇವು ವಾಹನದ ಅಂಗಗಳೇ ಹೊರತು ಅಲಂಕಾರಗಳಲ್ಲ. ಆದುದರಿಂದ ಹೆಚ್ಚುವರಿ ಸಾಮಗ್ರಿಗಳ ಪಟ್ಟಿಯಲ್ಲಿ ಇವು ಕಂಡುಬಂದಲ್ಲಿ ಅವಶ್ಯವಾಗಿ ಪ್ರಶ್ನಿಸಬಹುದು. ನಿಯಮ 138(4)(ಎಫ್) ಪ್ರಕಾರ ಖರೀದಿಯ ಸಮಯದಲ್ಲಿ ತಯಾರಕರು ಹೆಲ್ಮೆಟ್ ಒದಗಿಸಬೇಕು. ಅದರ ಮೇಲೆ ಐಎಸ್ 4151 ಮಾನಕದ ಐಎಸ್‌ಐ ಮುದ್ರೆ ಇರುವುದನ್ನು ಖಚಿತಪಡಿಸಿಕೊಳ್ಳಿರಿ. ದಿನಾಂಕ 1-4-2019ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕವನ್ನು ತಯಾರಕರೇ ಮಾರಾಟಗಾರರ ಮೂಲಕ ಪೂರೈಸಬೇಕು.

ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಆದರೆ ಅದನ್ನು ಮಾರಾಟಗಾರರು ಸೂಚಿಸಿದ ಕಂಪನಿಯಿಂದಲೇ ಪಡೆಯಬೇಕಿಲ್ಲ.

ನೋಂದಣಿಗೆ ನಮೂನೆ 20ರ ಅರ್ಜಿ, ನಮೂನೆ 21ರ ಮಾರಾಟ ಪ್ರಮಾಣಪತ್ರ, ನಮೂನೆ 22ರ ರಸ್ತೆ ಯೋಗ್ಯತಾ ಪ್ರಮಾಣಪತ್ರ, ವಿಮೆ, ವಿಳಾಸದ ದಾಖಲೆ ಮುಂತಾದುವು ಬೇಕು. ಸೀಟ್ ಕವರಿನ ಬಿಲ್ಲನ್ನು ಯಾರೂ ಕೇಳುವುದಿಲ್ಲ.

ಸಾಲದ ಮೇಲೆ ಖರೀದಿಸುವವರು ವಿಶೇಷ ಎಚ್ಚರ ವಹಿಸುವುದು ಒಳಿತು. ಸಾಮಗ್ರಿಗಳ ಮೊತ್ತವನ್ನು ಸಾಲಕ್ಕೇ ಸೇರಿಸಿದಾಗ ಅದು ಕಣ್ಣಿಗೆ ಬೀಳುವುದಿಲ್ಲ. ಉದಾಹರಣೆಗೆ, ರೂ. 6,000 ಮೊತ್ತಕ್ಕೆ ಶೇ. 10ರ ಫ್ಲಾಟ್ ದರದಲ್ಲಿ ಮೂರು ವರ್ಷಗಳಿಗೆ ಬಡ್ಡಿಯೇ ರೂ. 1,800 ಆಗಿ, ಬೇಡವೆಂದ ಸಾಮಗ್ರಿಗೆ ರೂ. 7,800 ತೆತ್ತಂತಾಗುತ್ತದೆ.

ಆದುದರಿಂದ ಮುಂಗಡ ಪಾವತಿಸುವ ಮೊದಲೇ ಪ್ರತಿಯೊಂದು ಬಾಬ್ತಿನ ದರವನ್ನು ಪ್ರತ್ಯೇಕವಾಗಿ ತೋರಿಸುವ ದರಪಟ್ಟಿಯನ್ನು ಲಿಖಿತವಾಗಿ ಪಡೆಯಿರಿ. ಬೇಡವಾದ ಬಾಬ್ತುಗಳನ್ನು ಇ-ಮೇಲ್ ಮೂಲಕ ತಿಳಿಸಿ, ವಾಹನ ವಿತರಣೆಯ ದಿನಾಂಕವನ್ನು ಕೇಳಿರಿ. ಉತ್ತರ ಬಾರದಿದ್ದರೂ ತಮ್ಮ ಪತ್ರವೇ ಒಂದು ದಾಖಲೆಯಾಗುತ್ತದೆ.

ದೂರುಗಳನ್ನು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಸಲ್ಲಿಸಬಹುದು. ಪರಿಹಾರ ದೊರೆಯದಿದ್ದಲ್ಲಿ, ವ್ಯಾಜ್ಯ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ನೀಡಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.