ಜೋಡಿಯಾದರೆ ಭತ್ಯೆ ಹೋಗುತ್ತದೆಯೇ?

ಬ್ರಿಟನ್ನಿನಲ್ಲಿ ಅಂಗವೈಕಲ್ಯಕ್ಕೋ ದೀರ್ಘಕಾಲದ ಕಾಯಿಲೆಗೋ ಸರ್ಕಾರದ ನೆರವು ಪಡೆಯುವವರು ಸಂಗಾತಿಯ ಜೊತೆ ಒಂದೇ ಮನೆಗೆ ಹೋಗಲು ಹಿಂದೆಮುಂದೆ ನೋಡುವುದುಂಟು. ‘ಒಟ್ಟಿಗೆ ಇದ್ದರೆ ಬರುವ ದುಡ್ಡೆಲ್ಲ ನಿಲ್ಲುತ್ತದೆ’ ಎಂಬ ಹೆದರಿಕೆ ಕೆಲವರದು. ‘ಮದುವೆಯಾಗದಿದ್ದರೆ ಯಾರಿಗೂ ಹೇಳಬೇಕಿಲ್ಲ’ ಎಂಬ ಧೈರ್ಯ ಇನ್ನು ಕೆಲವರದು. ಎರಡೂ ಕೈ ಸುಡುವಂಥವೇ.

ಅಲ್ಲಿನ ನೆರವುಗಳು ಮುಖ್ಯವಾಗಿ ಮೂರು ಬಗೆ: ನಿಮ್ಮ ದೇಹಸ್ಥಿತಿ ನೋಡಿ ಕೊಡುವುದು, ನೀವು ಹಿಂದೆ ಕಟ್ಟಿದ ವಂತಿಗೆ ನೋಡಿ ಕೊಡುವುದು, ಮನೆಯ ಒಟ್ಟು ವರಮಾನ ನೋಡಿ ಕೊಡುವುದು. ಸಂಗಾತಿ ಬಂದಾಗ ಅಲುಗಾಡುವುದು ಮೂರನೆಯದು.

ತಪ್ಪು ಕಲ್ಪನೆ: ದುಡಿಯುವ ಸಂಗಾತಿ ಇದ್ದರೆ ‘ಪಿಪ್’ ನಿಲ್ಲುತ್ತದೆ.

ಸತ್ಯ: ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಅಂದರೆ ಪಿಪ್, ಯಾರ ವರಮಾನವನ್ನೂ ಉಳಿತಾಯವನ್ನೂ ಕೇಳುವುದಿಲ್ಲ. ಅಡುಗೆ ಮಾಡಿಕೊಳ್ಳಲು, ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು, ಓಡಾಡಲು ನಿಮಗೆಷ್ಟು ಕಷ್ಟ ಎಂಬುದಷ್ಟೇ ಅದಕ್ಕೆ ಬೇಕು. ಗಂಡನೋ ಗೆಳತಿಯೋ ದಿನಾ ಸಹಾಯ ಮಾಡುತ್ತಾರೆಂದು ಪರಿಶೀಲನೆಯಲ್ಲಿ ಕೊಡುವ ಅಂಕ ಕಡಿಮೆಯಾಗದು. ಸಹಾಯದ ಅಗತ್ಯ ಇದೆಯೇ ಎಂಬುದೇ ಅಲ್ಲಿನ ಅಳತೆ. ಸ್ಕಾಟ್‌ಲ್ಯಾಂಡಿನಲ್ಲಿ ಇದರ ಜಾಗಕ್ಕೆ ಬಂದಿರುವ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್‌ನದೂ ಇದೇ ದಾರಿ. ಆದರೆ ವಿಳಾಸ ಬದಲಾದದ್ದನ್ನು ತಿಳಿಸಬೇಕು.

ತಪ್ಪು ಕಲ್ಪನೆ: ಸಂಗಾತಿಗೆ ಸಂಬಳವಿದ್ದರೆ ಕಾಯಿಲೆ ಭತ್ಯೆ ಸಿಗದು.

ಸತ್ಯ: ಯಾವ ಭತ್ಯೆ ಎಂದು ಮೊದಲು ನೋಡಬೇಕು. ಉದ್ಯೋಗದಾತರು ಗರಿಷ್ಠ 28 ವಾರ ಕೊಡುವ ಸ್ಟ್ಯಾಚುಟರಿ ಸಿಕ್ ಪೇಗೂ ಸಂಗಾತಿಯ ಸಂಬಳಕ್ಕೂ ಸಂಬಂಧವೇ ಇಲ್ಲ. ‘ನ್ಯೂ ಸ್ಟೈಲ್ ಇಎಸ್‌ಎ’ (ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೊವನ್ಸ್) ನೀವು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯ ಮೇಲೆ ಬರುವುದರಿಂದ ಅದಕ್ಕೂ ಸಂಗಾತಿಯ ಗಳಿಕೆ ಲೆಕ್ಕಕ್ಕಿಲ್ಲ. ಮನೆಯ ವರಮಾನ ನೋಡಿ ಕೊಡುತ್ತಿದ್ದ ಹಳೆಯ ಇಎಸ್‌ಎ ಬೇರೆ. ಅದರ ಜಾಗಕ್ಕೆ ಈಗ ಯುನಿವರ್ಸಲ್ ಕ್ರೆಡಿಟ್ ಬಂದಿದೆ. ಹೆಸರುಗಳು ಒಂದೇ ತರಹ ಇರುವುದರಿಂದಲೇ ಗೊಂದಲ.

ತಪ್ಪು ಕಲ್ಪನೆ: ಸಂಗಾತಿ ದುಡಿದರೆ ಯುನಿವರ್ಸಲ್ ಕ್ರೆಡಿಟ್ ಪೂರ್ತಿ ಹೋಗುತ್ತದೆ.

ಸತ್ಯ: ಇಲ್ಲಿ ಹೆದರಿಕೆಗೆ ಕಾರಣವಿದೆ, ಆದರೆ ಲೆಕ್ಕ ಅಷ್ಟು ಸರಳವಲ್ಲ. ಒಂದೇ ಮನೆಯಲ್ಲಿ ಬಾಳುವ ಜೋಡಿ ಜಂಟಿಯಾಗಿ ಅರ್ಜಿ ಹಾಕಬೇಕು. 2025-26ರ ದರದಂತೆ 25 ದಾಟಿದ ಒಬ್ಬರಿಗೆ ತಿಂಗಳಿಗೆ 400.14 ಪೌಂಡ್, ಜೋಡಿಗೆ 628.10 ಪೌಂಡ್ ಮೂಲ ಮೊತ್ತವಿತ್ತು. ಕೆಲಸ ಮಾಡಲಾಗದಷ್ಟು ಅನಾರೋಗ್ಯವಿದ್ದವರಿಗೆ ಅದರ ಮೇಲೆ 423.27 ಪೌಂಡ್.

ಆ ವರ್ಷದ ದರದಲ್ಲೇ ಇಂಥ ಒಬ್ಬ ಮಹಿಳೆಗೆ ಬಾಡಿಗೆಯ ಬಾಬ್ತು 700 ಪೌಂಡ್ ಸಿಗುತ್ತಿದೆ ಎಂದಿಟ್ಟುಕೊಳ್ಳಿ. ಒಂಟಿಯಾಗಿದ್ದಾಗ ಒಟ್ಟು 1523.41 ಪೌಂಡ್. ಈಗ ತಿಂಗಳಿಗೆ 1800 ಪೌಂಡ್ ಕೈಗೆ ಬರುವ ಸಂಗಾತಿ ಆ ಮನೆಗೇ ಬಂದರು. ಜೋಡಿಯ ಗರಿಷ್ಠ ಮೊತ್ತ 1751.37. ಸಂಬಳದಲ್ಲಿ ಮೊದಲ 411 ಪೌಂಡನ್ನು ಮುಟ್ಟುವುದಿಲ್ಲ. ಉಳಿದದ್ದರಲ್ಲಿ ಪೌಂಡಿಗೆ 55 ಪೆನ್ಸ್‌ನಂತೆ 763.95 ಕಡಿತ. ಕೊನೆಗೆ ಸಿಗುವುದು 987.42 ಪೌಂಡ್. ಸುಮಾರು 536 ಪೌಂಡ್ ಖೋತಾ, ನಿಜ. ಪೂರ್ತಿ ಹೋಗಲಿಲ್ಲ ಎಂಬುದೂ ಅಷ್ಟೇ ನಿಜ. ಆಕೆಗೆ ಪಿಪ್ ಬರುತ್ತಿದ್ದರೆ ಅದು ಈ ಲೆಕ್ಕದ ಹೊರಗೆ ಹಾಗೇ ಉಳಿಯುತ್ತದೆ. ಆದರೆ ಇಬ್ಬರೂ ಅನಾರೋಗ್ಯದಲ್ಲಿದ್ದರೆ ಆ 423.27 ಎರಡು ಸಲ ಸಿಗುವುದಿಲ್ಲ, ಜೋಡಿಗೆ ಒಂದೇ.

ಉಳಿತಾಯದ ಮಿತಿಯೂ ಜೋಡಿಯೆಂದು ಹೆಚ್ಚುವುದಿಲ್ಲ. ಇಬ್ಬರದೂ ಸೇರಿ 6000 ಪೌಂಡ್ ದಾಟಿದರೆ ಕಡಿತ ಶುರು, 16,000 ದಾಟಿದರೆ ಏನೂ ಇಲ್ಲ. ಮೈಸೂರಿನ ಬ್ಯಾಂಕಿನಲ್ಲಿಟ್ಟ ಎಫ್‌ಡಿ, ಹೆಸರಿನಲ್ಲಿರುವ ಸೈಟು ಕೂಡ ಇದಕ್ಕೆ ಸೇರುತ್ತವೆ.

ತಪ್ಪು ಕಲ್ಪನೆ: ಮದುವೆಯಾಗದಿದ್ದರೆ, ಅಥವಾ ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ತಂಗದಿದ್ದರೆ, ಜೋಡಿಯಲ್ಲ.

ಸತ್ಯ: ಮೂರು ರಾತ್ರಿಯ ನಿಯಮ ಎಂಬುದು ಕಾನೂನಿನಲ್ಲಿ ಎಲ್ಲೂ ಇಲ್ಲ. ಮನೆವಾರ್ತೆ ಒಂದೇನಾ, ಹಣಕಾಸು ಸೇರಿದೆಯಾ, ಸಂಬಂಧ ಎಷ್ಟು ಗಟ್ಟಿ, ಮಕ್ಕಳಿದ್ದಾರಾ, ನಾಲ್ಕು ಜನರ ಎದುರು ದಂಪತಿಯಂತೆ ಇದ್ದಾರಾ ಎಂದೆಲ್ಲ ಒಟ್ಟಾಗಿ ನೋಡುತ್ತಾರೆ. ತಾಳಿ, ರಿಜಿಸ್ಟರ್ ಇಲ್ಲದ ಜೋಡಿಗೂ, ಒಂದೇ ಲಿಂಗದ ಜೋಡಿಗೂ ಇದೇ ಮಾನದಂಡ. ಬಾಡಿಗೆ ಹಂಚಿಕೊಂಡು ತಮ್ಮ ಪಾಡಿಗೆ ತಾವಿರುವ ರೂಮ್‌ಮೇಟ್‌ಗಳು ಮಾತ್ರ ಜೋಡಿಯಾಗುವುದಿಲ್ಲ.

ತಪ್ಪು ಕಲ್ಪನೆ: ಊರಿನಿಂದ ಬಂದ ಸಂಗಾತಿಗೆ ಸರ್ಕಾರಿ ನೆರವಿನ ಹಕ್ಕಿಲ್ಲ, ಹಾಗಾಗಿ ಅವರ ಸಂಬಳವೂ ಲೆಕ್ಕಕ್ಕಿಲ್ಲ.

ಸತ್ಯ: ವೀಸಾದ ಮೇಲೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಎಂಬ ಷರತ್ತಿದ್ದರೆ ಹಕ್ಕುಳ್ಳವರಿಗೆ ಒಬ್ಬರ ದರದಲ್ಲೇ ಯುನಿವರ್ಸಲ್ ಕ್ರೆಡಿಟ್ ಸಿಗುತ್ತದೆ, ಸಂಗಾತಿಯ ಸಂಬಳ, ಉಳಿತಾಯ ಮಾತ್ರ ಪೂರ್ತಿ ಲೆಕ್ಕಕ್ಕೆ ಬರುತ್ತವೆ. ಕನ್ನಡಿಗ ಕುಟುಂಬಗಳು ಇಲ್ಲೇ ಎಡವುವ ಸಂಭವ ಹೆಚ್ಚು. ಇನ್ನೊಂದು ಕಡೆ, ಅವರಿಗೆ ಅನುಕೂಲದ ಮಾತೂ ಒಂದಿದೆ. ಪಿಪ್ ಪಡೆಯುವ ಬ್ರಿಟಿಷ್ ಪ್ರಜೆ ಭಾರತದಿಂದ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವಾಗ, 2024ರ ಏಪ್ರಿಲ್‌ನಲ್ಲಿ ಬಂದ ವರ್ಷಕ್ಕೆ 29,000 ಪೌಂಡ್ ವರಮಾನದ ಷರತ್ತು ಅನ್ವಯಿಸುವುದಿಲ್ಲ. ಜೀವನ ನಡೆಸಲು ಸಾಕಷ್ಟಿದೆ ಎಂದು ತೋರಿಸಿದರೆ ಸಾಕು.

ತಪ್ಪು ಕಲ್ಪನೆ: ಸರಿಬರದಿದ್ದರೆ ಬೇರೆಯಾದರಾಯಿತು, ಹಳೆಯದೆಲ್ಲ ಮತ್ತೆ ಸಿಗುತ್ತದೆ.

ಸತ್ಯ: ಹಳೆಯ ನೆರವಿನಿಂದ ಯುನಿವರ್ಸಲ್ ಕ್ರೆಡಿಟ್‌ಗೆ ಬಂದವರಿಗೆ ನಷ್ಟ ತುಂಬಲು ಕೊಡುವ ‘ಟ್ರಾನ್ಸಿಷನಲ್ ಎಲಿಮೆಂಟ್’ ಎಂಬ ಹೆಚ್ಚುವರಿ ಮೊತ್ತ ಜೋಡಿಯಾದ ಕೂಡಲೇ ನಿಲ್ಲುತ್ತದೆ. ಮುಂದೆ ಬೇರೆಯಾದರೂ ಅದು ಮರಳಿ ಬಾರದು. ಹೇಳದೆ ಮುಚ್ಚಿಟ್ಟು ಪಡೆದ ಹಣವನ್ನಂತೂ ವಾಪಸು ಕಟ್ಟಲೇಬೇಕು; ಯುನಿವರ್ಸಲ್ ಕ್ರೆಡಿಟ್‌ನಲ್ಲಿ ನೆರವು ಕೊಡುವ ಇಲಾಖೆಯದೇ ತಪ್ಪಿನಿಂದ ಹೆಚ್ಚು ಬಂದದ್ದನ್ನೂ ಅವರು ವಸೂಲಿ ಮಾಡಬಹುದು. ಆದ್ದರಿಂದ ಮನೆ ಬದಲಿಸುವ ಮುಂಚೆಯೇ ಮಂಜೂರಾತಿ ಪತ್ರ ತೆಗೆದು, ಪ್ರತಿ ಭತ್ಯೆಯ ಪೂರ್ತಿ ಹೆಸರು ಬರೆದುಕೊಂಡು, ಸಿಟಿಜನ್ಸ್ ಅಡ್ವೈಸ್ ಕೇಂದ್ರದಲ್ಲಿ ಉಚಿತವಾಗಿ ಲೆಕ್ಕ ಹಾಕಿಸಿಕೊಳ್ಳಿ. ಸಾಮಾನು ಸಾಗಿಸುವ ದಿನ ಗೊತ್ತುಮಾಡುವುದು ಆಮೇಲಿರಲಿ.