ಕಾರ್ಯದ ಜಾಡು: ಪ್ರಕ್ರಿಯಾ ಖನನದ ವ್ಯಾಸಂಗ

ಕಚೇರಿಯೊಂದರಲ್ಲಿ ಕೆಲಸ ಹೇಗೆ ನಡೆಯತಕ್ಕದ್ದೆಂಬುದನ್ನು ನಿಯಮಾವಳಿ ಹೇಳುತ್ತದೆ. ಹೇಗೆ ನಡೆಯುತ್ತಿದೆಯೆಂಬುದನ್ನು ಅಲ್ಲಿಯ ಗುಮಾಸ್ತರು ಬಲ್ಲರು. ಇವೆರಡರ ಅಂತರವನ್ನು, ಗಣಕಯಂತ್ರದಲ್ಲಿ ತಾನಾಗಿ ಉಳಿಯುವ ದಾಖಲೆಗಳಿಂದಲೇ ಅಳೆಯಹೊರಟ ಶಾಸ್ತ್ರಕ್ಕೆ ‘ಪ್ರೊಸೆಸ್ ಮೈನಿಂಗ್’ ಎಂದು ಹೆಸರು. ಕಿವಿಗೆ ತುಸು ಕಟುವೆನಿಸಿದರೂ ಕನ್ನಡದಲ್ಲಿ ಇದನ್ನು ಪ್ರಕ್ರಿಯಾ ಖನನವೆನ್ನಬಹುದು. ದತ್ತಾಂಶ ವಿಜ್ಞಾನದ ಶಾಖೆಯಾಗಿ ಇದು ಇಂದು ವಿಶ್ವವಿದ್ಯಾಲಯಗಳ ಪಾಠಪಟ್ಟಿಯಲ್ಲಿ ಸೇರಿದೆ. ಇದನ್ನು ಅಭ್ಯಸಿಸುವ ವಿದ್ಯಾರ್ಥಿ ನಿಜವಾಗಿ ಕಲಿಯಬೇಕಾದದ್ದೇನು ಎಂಬುದೇ ಇಲ್ಲಿಯ ವಿಚಾರ.

ಈ ಶಾಸ್ತ್ರ ಬಹುಮಟ್ಟಿಗೆ ಬೆಳೆದದ್ದು ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪ್ರಾಧ್ಯಾಪಕರಾಗಿದ್ದ ವಿಲ್ ಫಾನ್ ಡರ್ ಆಲ್ಸ್ಟ್ ಅವರ ಪಠ್ಯಗ್ರಂಥ 2011ರಲ್ಲಿ ಹೊರಬಂದಿತು. 2014ರಲ್ಲಿ ಅವರ ಪಾಠಗಳು ಅಂತರಜಾಲದ ಮೂಲಕ ಎಲ್ಲ ದೇಶಗಳವರಿಗೂ ದೊರೆತವು. ಇದರ ಗಣಿತದ ಬೇರು ಇನ್ನೂ ಹಳೆಯದು. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪ್ರಬಂಧದಲ್ಲಿ ತಳಹದಿ ಹಾಕಿದ ‘ಪೆಟ್ರಿ ಜಾಲ’ಗಳೇ ಇಂದಿಗೂ ಇಲ್ಲಿಯ ಚಿತ್ರಭಾಷೆಯಾಗಿವೆ.

ಪ್ರತಿಯೊಂದು ದಾಖಲೆಯಲ್ಲಿಯೂ ಕನಿಷ್ಠ ಮೂರು ಅಂಶಗಳಿರಬೇಕು: ಯಾವ ಪ್ರಕರಣ, ಯಾವ ಕ್ರಿಯೆ, ಯಾವ ವೇಳೆ. ಸಾಲದ ಅರ್ಜಿಯೊಂದನ್ನು ತೆಗೆದುಕೊಳ್ಳೋಣ. ಕೆಲವು ಅರ್ಜಿಗಳಲ್ಲಿ ಸ್ವೀಕಾರ, ಪರಿಶೀಲನೆ, ತನಿಖೆ, ನಿರ್ಣಯ ಎಂಬ ಅನುಕ್ರಮವಿದೆ. ಮಿಕ್ಕವುಗಳಲ್ಲಿ ತನಿಖೆ ಮೊದಲು, ಪರಿಶೀಲನೆ ಅನಂತರ. 2004ರಲ್ಲಿ ಪ್ರಕಟವಾದ ‘ಆಲ್ಫಾ’ ಕ್ರಮವು ಇದರಿಂದ ಹೀಗೆ ತರ್ಕಿಸುತ್ತದೆ: ಸ್ವೀಕಾರದ ಬೆನ್ನಿಗೇ ಪರಿಶೀಲನೆ ಬಂದದ್ದುಂಟು, ಪರಿಶೀಲನೆಯ ಬೆನ್ನಿಗೆ ಸ್ವೀಕಾರ ಎಂದೂ ಬಂದಿಲ್ಲ, ಆದಕಾರಣ ಮೊದಲನೆಯದು ಕಾರಣ, ಎರಡನೆಯದು ಕಾರ್ಯ. ಪರಿಶೀಲನೆ ಮತ್ತು ತನಿಖೆಗಳಾದರೋ ಎರಡು ಕ್ರಮದಲ್ಲಿಯೂ ಒಂದನ್ನೊಂದು ಹಿಂಬಾಲಿಸಿವೆ. ಆದುದರಿಂದ ಅವು ಸ್ವತಂತ್ರವಾಗಿ, ಏಕಕಾಲದಲ್ಲಿಯೂ ನಡೆಯಬಲ್ಲವು. ಯಾರೂ ಹೇಳದೆ ಇದ್ದ ಈ ಸಂಗತಿಯನ್ನು ದಾಖಲೆಯೇ ಹೊರಗೆಡವುತ್ತದೆ.

ಆದರೆ ಆಲ್ಫಾ ಕ್ರಮಕ್ಕೆ ಎಣಿಕೆಯ ಪರಿವೆಯಿಲ್ಲ. ಸಾವಿರ ಸಲ ನಡೆದುದಕ್ಕೂ ಕೈತಪ್ಪಿನಿಂದ ಒಮ್ಮೆ ನಮೂದಾದುದಕ್ಕೂ ಅದರಲ್ಲಿ ಒಂದೇ ಬೆಲೆ. ಈ ದೋಷವನ್ನು ನೀಗಲು ಬೇರೆ ಕ್ರಮಗಳು ಹುಟ್ಟಿವೆ. ಅದಕ್ಕಿಂತ ಸೂಕ್ಷ್ಮವಾದದ್ದು ಮಾದರಿಯ ಗುಣವನ್ನು ಅಳೆಯುವ ಪ್ರಶ್ನೆ. ಯಾವ ಕ್ರಿಯೆ ಯಾವಾಗಲಾದರೂ ನಡೆಯಬಹುದೆನ್ನುವ ‘ಪುಷ್ಪಮಾದರಿ’ ಎಂಬುದೊಂದಿದೆ. ಅದು ಎಲ್ಲ ದಾಖಲೆಗಳಿಗೂ ನೂರಕ್ಕೆ ನೂರು ಹೊಂದುತ್ತದೆ; ಹೇಳುವುದು ಮಾತ್ರ ಏನೂ ಇಲ್ಲ. ಹೊಂದಿಕೆಯೊಂದನ್ನೇ ನೋಡಿ ತೃಪ್ತನಾದ ವಿದ್ಯಾರ್ಥಿ ಇಲ್ಲಿ ಎಡವುತ್ತಾನೆ.

ನಿಯಮದೊಡನೆ ದಾಖಲೆಯನ್ನು ತಾಳೆನೋಡುವಾಗ ಹೊಣೆ ಮತ್ತಷ್ಟು ಹೆಚ್ಚುತ್ತದೆ. ಒಂದು ಅರ್ಜಿಯಲ್ಲಿ ತನಿಖೆ ನಮೂದಾಗಿಲ್ಲವೆಂದರೆ ಅದು ನಡೆಯಲಿಲ್ಲವೆಂದೇ ಅರ್ಥವಲ್ಲ. ಕಾಗದದ ಮೇಲೆ ಉಳಿದಿರಬಹುದು. ದಿನದ ಕೆಲಸವನ್ನೆಲ್ಲ ಸಂಜೆ ಒಟ್ಟಿಗೆ ನಮೂದಿಸುವ ಕಚೇರಿಯಲ್ಲಿ ವೇಳೆಯ ಅಂಕಣ ಸೂಚಿಸುವುದು ಕೆಲಸದ ಹೊತ್ತನ್ನಲ್ಲ, ಬರೆದ ಹೊತ್ತನ್ನು. ಇಂಥ ಸಂದರ್ಭಗಳಲ್ಲಿ ಯಂತ್ರದ ಉತ್ತರಕ್ಕಿಂತ ಆ ಗುಮಾಸ್ತನನ್ನು ಕೇಳಿ ಬರುವುದೇ ಮೇಲು. ಪಾಠಕ್ರಮದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಸಾಮಗ್ರಿಗಳಲ್ಲೊಂದು, 2012ರಲ್ಲಿ ಸ್ಪರ್ಧೆಯೊಂದಕ್ಕಾಗಿ ಪ್ರಕಟವಾದ ಡಚ್ ಹಣಕಾಸು ಸಂಸ್ಥೆಯೊಂದರ ಸಾಲದ ಅರ್ಜಿಗಳ ದಾಖಲೆ: 13,087 ಪ್ರಕರಣಗಳು, 2,62,200 ಘಟನೆಗಳು. ಅಲ್ಲಿ ನೌಕರರ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಯಾವ ಸಂಖ್ಯೆಯವನ ಕೈಯಲ್ಲಿ ಅರ್ಜಿ ಎಷ್ಟು ಕಾಲ ನಿಂತಿತೆಂದು ಗಳಿಗೆಯಲ್ಲಿ ಲೆಕ್ಕಹಾಕಬಹುದು. ಕೇಳಿದ ಮೊತ್ತಕ್ಕೂ ಅಲ್ಲೊಂದು ಅಂಕಣವಿದೆ. ಆ ಅರ್ಜಿ ಎಷ್ಟು ತೊಡಕಿನದಾಗಿತ್ತೆಂಬುದಕ್ಕೆ ಅಂಕಣವಿಲ್ಲ.